ಆರನೆಯ ಸ್ಥಿತಿ

ಲೆಕ್ಕದ ಹುಚ್ಚಿದ್ದ ಒಬ್ಬ ರಾಜನಿದ್ದನಂತೆ. ಅವನ ಊರಿಗೂ ಹೆಸರಿರಲಿಲ್ಲವಂತೆ, ಅವನ ಕಾಲಕ್ಕೂ ಹೆಸರಿರಲಿಲ್ಲವಂತೆ. ನನ್ನ ರಾಜ್ಯದಲ್ಲಿ ಇರುವವರೆಲ್ಲ ಈ ಐದರಲ್ಲಿ ಒಂದಾಗಿರಬೇಕು ಎಂದು ಅವನು ಡಂಗುರ ಹೊಡೆಸಿದ: ಹತ್ತುವವರು, ಇಳಿಯುವವರು, ಸುಮ್ಮನೆ ಕೂತವರು, ಬಾಗಿಲು ತೆರೆದವರು, ಕಾಯಿಲೆ ಬಿದ್ದವರು. ಕೋಟೆಯ ಕಾವಲುಗಾರ ಎದುರಾದವರನ್ನೆಲ್ಲ ನೀನು ಐದರಲ್ಲಿ ಯಾವುದು ಎಂದು ಕೇಳುತ್ತಿದ್ದ, ಅವರು ಹೇಳುತ್ತಿದ್ದರು, ರಾಜ್ಯ ಸುಖವಾಗಿತ್ತು. ಹೀಗಿರಲಾಗಿ ಒಂದು ದಿನ ಮೆಟ್ಟಿಲ ನಡುವೆ ಒಬ್ಬ ಮುದುಕಿ ನಿಂತಿದ್ದಳು. ಹತ್ತುತ್ತಿದ್ದೀಯಾ? ಇಲ್ಲಪ್ಪ. ಇಳಿಯುತ್ತಿದ್ದೀಯಾ? ಅದೂ ಇಲ್ಲ. ಕೂತಿದ್ದೀಯಾ? ಕೂರೋಕೆ ಜಾಗ ಎಲ್ಲಿದೆ? ಬಾಗಿಲು? ಕಾಣೆ. ಕಾಯಿಲೆ? ನಿನ್ನ ಬಾಯಿಗೆ ಬೆಂಕಿ ಹಾಕ. ಹಾಗಾದರೆ ನೀನು ಇಲ್ಲವೇ ಇಲ್ಲ ಎಂದ ಕಾವಲುಗಾರ, ದೀಪ ಆರಿಸಿ ಮನೆಗೆ ಹೊರಟುಹೋದ.

ಆಮೇಲೆ? ಆಫೀಸಿಗೆ ಹೋಗುವ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತಿದ್ದವಳಿಗೆ ಮುಂದಿನದು ಹೊಳೆಯಲಿಲ್ಲ. ಅಜ್ಜಿಯಾಗಿದ್ದರೆ ಇಷ್ಟು ಹೊತ್ತಿಗೆ ಮುದುಕಿಯ ಗಂಟಿನಿಂದ ಒಂದು ಇಲಿಯನ್ನೋ, ಕಾವಲುಗಾರನ ಮೀಸೆಯಿಂದ ಒಂದು ಹಕ್ಕಿಯನ್ನೋ ಹೊರಡಿಸಿ ಕಥೆಯನ್ನು ದಡ ಹತ್ತಿಸಿರುತ್ತಿದ್ದಳು. ಅಜ್ಜಿಯ ಕಥೆಗಳು ಎಂದೂ ನಡುವೆ ನಿಂತದ್ದಿಲ್ಲ. ಕೇಳುವವರು ನಿದ್ದೆ ಹೋದರೂ ಅವು ತಮ್ಮಷ್ಟಕ್ಕೆ ಊರು ಸೇರುತ್ತಿದ್ದವು. ಈಗ ಅಜ್ಜಿ ಕಥೆ ಹೇಳುವುದನ್ನೇ ಬಿಟ್ಟಿದ್ದಾಳೆ. ಕೇಳಿದರೆ, "ಕಥೆ ಹೇಳೋಕೆ ನಾಲ್ಕು ಜನರ ಮುಖ ನೋಡ್ಬೇಕು ಕಣೇ ಗುಬ್ಬಿ. ಇಲ್ಲಿಂದ ಬರೀ ನೆತ್ತಿ ಕಾಣುತ್ತೆ" ಎನ್ನುತ್ತಾಳೆ. ಆರನೆಯ ಮಹಡಿಯ ಕಿಟಕಿಯಿಂದ ಕಾಣುವುದು ನಿಜವಾಗಿಯೂ ಅಷ್ಟೇ. ಅಂಗಳದ ಬೆಂಚಿನ ಮೇಲೆ ಕೂತ ಅಜ್ಜಿಯ ಗೆಳತಿಯರ ನೆತ್ತಿಗಳು, ಕಾವಲುಗಾರನ ಟೋಪಿ, ಬೋಳುತಲೆಯ ಒಬ್ಬ ಪೋಸ್ಟ್‌ಮ್ಯಾನ್. ಮೊಣಕಾಲು ಮೆಟ್ಟಿಲಿಗೆ ಒಪ್ಪುವುದಿಲ್ಲ, ಮನಸ್ಸು ಲಿಫ್ಟಿಗೆ ಒಪ್ಪುವುದಿಲ್ಲ. ಬೇಸಗೆ ಮುಗಿದು ಗಾಳಿ ತಣ್ಣಗಾದರೂ ಅಜ್ಜಿ ನೆಲ ಮುಟ್ಟಿರಲಿಲ್ಲ. "ನಿಮ್ಮಜ್ಜಿ ಈಗ ಆರನೇ ಮಹಡಿ ಮಹಾರಾಣಿ ಕಣಮ್ಮ, ದರ್ಬಾರು ಕಿಟಕೀಲಿ" ಎಂದು ಸೋದರತ್ತೆ ಪಾತ್ರೆ ಒರೆಸುತ್ತ ನಗುತ್ತಾಳೆ. ನಗುವಾಗ ಅತ್ತೆ ಇವಳ ಮುಖ ನೋಡುವುದಿಲ್ಲ. ಆ ನೋಡದಿರುವುದು ಇವಳಿಗೆ ನಾಟುತ್ತದೆ. ಯಾಕೆಂದರೆ ಅಜ್ಜಿ ಸಿಕ್ಕಿಬಿದ್ದದ್ದು ಇವಳ ಕಂಪನಿಯ ಲಿಫ್ಟಿನಲ್ಲಿ, ಮತ್ತು ಆ ಲಿಫ್ಟಿನ ಪ್ರೋಗ್ರಾಮಿನ ಒಂದು ಮೂಲೆ, ಬಹಳ ಸಣ್ಣ ಮೂಲೆ, ಇವಳ ಕೈಯದ್ದು.

ಆ ಮೂಲೆಯ ಬಗ್ಗೆ ಒಂದು ಕಾಲಕ್ಕೆ ಎಷ್ಟು ಹೆಮ್ಮೆಯಿತ್ತು. ಅವಳು ಕೆಲಸಕ್ಕೆ ಸೇರಿದಾಗ ಲಿಫ್ಟಿನ ಸ್ಥಿತಿಯನ್ನು ಬರಿಯ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಯಾರೋ ಒಬ್ಬ 'ಏರುತ್ತಿದೆ' ಎಂದು ಬರೆದರೆ ಇನ್ನೊಬ್ಬ 'ಏರುತಿದೆ' ಎಂದು ಬರೆದು ಇಟ್ಟಿರುತ್ತಿದ್ದ. ಒಂದು ಒತ್ತಕ್ಷರ ಬಿದ್ದುಹೋಗಿ ಇಡೀ ಕಟ್ಟಡದ ಲಿಫ್ಟು ಮಂಕು ಹಿಡಿದವರಂತೆ ನಿಂತದ್ದೂ ಉಂಟು. ಅದನ್ನೆಲ್ಲ ಗುಡಿಸಿ ಅವಳು ಒಂದು ಎನಮ್, ಅಂದರೆ ಇಷ್ಟೇ ಎಂದು ಎಣಿಸಿಟ್ಟ ಹೆಸರುಗಳ ಪಟ್ಟಿ, ಬರೆದಳು. ಲಿಫ್ಟಿನ ಸ್ಥಿತಿ ಎಂದರೆ ಈ ಐದರಲ್ಲಿ ಒಂದು, ಆರನೆಯದು ಇಲ್ಲ, ತಪ್ಪಾಗಿ ಬರೆದರೆ, ಬರೆದದ್ದನ್ನೆಲ್ಲ ಮೊದಲು ಓದಿ ನೋಡುವ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ. ನಿಂತಿದೆ, ಏರುತ್ತಿದೆ, ಇಳಿಯುತ್ತಿದೆ, ಬಾಗಿಲು ತೆರೆದಿದೆ, ದುರಸ್ತಿಯಲ್ಲಿದೆ. ಲಿಫ್ಟ್ ಎಂಬ ಕ್ಲಾಸಿನ ಅಚ್ಚಿನಿಂದ ಎಷ್ಟು ಲಿಫ್ಟುಗಳನ್ನಾದರೂ ಹುಟ್ಟಿಸಬಹುದು, ಕಟ್ಟಡಕ್ಕೆ ಒಂದು, ಎರಡು, ಹತ್ತು. ಎನಮ್‌ನ ಹೆಸರುಗಳು ಹಾಗಲ್ಲ. ಪ್ರೋಗ್ರಾಮ್ ಕಣ್ಣುಬಿಡುವಾಗಲೇ ಅವು ಹುಟ್ಟಿ ಕೂತಿರುತ್ತವೆ. ಊರಿನ ಎಲ್ಲ ಲಿಫ್ಟುಗಳೂ ಒಟ್ಟಿಗೆ ಏರುತ್ತಿದ್ದರೂ 'ಏರುತ್ತಿದೆ' ಮಾತ್ರ ಒಂದೇ ಒಂದು, ಎಲ್ಲವೂ ಬೆರಳು ಮಾಡುವುದು ಅದನ್ನೇ. ಅದರ ಅವಳಿಯನ್ನು ಹೆರಲು ಯಾರಿಂದಲೂ ಆಗದು. ಬರೆದು ಮುಗಿಸಿದ ಸಂಜೆ ಅವಳು ಅಜ್ಜಿಗೆ ಇದನ್ನೆಲ್ಲ ವಿವರಿಸಿದ್ದಳು, ಅಜ್ಜಿ ಅಂಗಳದ ಬೆಂಚಿನ ಮೇಲೆ ಕೂತು ಹೂಂಗುಟ್ಟಿದ್ದಳು, ಕೊನೆಗೆ, "ಐದೇ ಸಾಕಾ?" ಎಂದಿದ್ದಳು. ಸಾಕು ಅಜ್ಜಿ, ಲಿಫ್ಟಿಗೆ ಇನ್ನೇನಿರುತ್ತೆ? "ಅದೂ ಸರೀನೇ. ನಮ್ಮ ಹಾಗೆ ಅದಕ್ಕೇನು ಸೊಂಟ ನೋವಾ?" ಇಬ್ಬರೂ ನಕ್ಕಿದ್ದರು.

ಆಫೀಸಿನ ಪರೀಕ್ಷಾ ಕೋಣೆಯಲ್ಲಿ ಲಿಫ್ಟಿಲ್ಲದ ಲಿಫ್ಟೊಂದಿದೆ. ಗೋಡೆಗೆ ನೇತುಹಾಕಿದ ಗುಂಡಿಗಳು, ತಂತಿಗಳು, ಸ್ಥಿತಿ ತೋರಿಸುವ ಒಂದು ಬೋರ್ಡು, ಹಗ್ಗವಿಲ್ಲ, ಪೆಟ್ಟಿಗೆಯಿಲ್ಲ. ಆ ಬೆಳಿಗ್ಗೆ ಅದರ ಮುಂದೆ ಏಳೆಂಟು ಜನ ಕಾಫಿ ಕಪ್ಪು ಹಿಡಿದು ನಿಂತಿದ್ದರು. ಎಲ್ಲರ ಮುಂದೆ ತಂಡದ ಮುಖ್ಯಸ್ಥ. ಅವನನ್ನು ಎಲ್ಲರೂ ಹೆಡ್ಮಾಷ್ಟ್ರು ಎನ್ನುತ್ತಾರೆ, ಅವನೆದುರಿಗೇ ಎನ್ನುತ್ತಾರೆ, ಅವನಿಗದು ಇಷ್ಟ. ಇವಳು ಕೊನೆಗೂ ಆರನೆಯ ಸ್ಥಿತಿಯನ್ನು ಬರೆದು ತಂದಿದ್ದಳು: ನಡುವೆ ನಿಂತಿದೆ. ವೇಗ ಸೊನ್ನೆ, ಬಾಗಿಲು ಮುಚ್ಚಿದೆ, ಆದರೆ ಮಹಡಿಯ ಮಟ್ಟಕ್ಕಿಲ್ಲ, ಒಳಗೆ ತೂಕವಿದೆ. ಅದೂ ನಿಂತಿರುವುದರ ಬಳಗದ್ದೇ ಅಲ್ಲವೇ ಎಂದು ಎನಮ್‌ನಲ್ಲಿ 'ನಿಂತಿದೆ'ಯ ಪಕ್ಕದಲ್ಲೇ, ಎರಡನೆಯ ಸಾಲಿನಲ್ಲಿ ಕೂರಿಸಿದ್ದಳು, ಮದುವೆ ಫೋಟೋದಲ್ಲಿ ಅಕ್ಕನ ಪಕ್ಕ ತಂಗಿಯನ್ನು ನಿಲ್ಲಿಸುವ ಹಾಗೆ. ಮೇಲೆ ಹೋಗುವ ಗುಂಡಿ ಒತ್ತಿದಳು. ಬೋರ್ಡು 'ಇಳಿಯುತ್ತಿದೆ' ಎಂದಿತು. ಯಾರೋ ಕೆಮ್ಮಿದರು. ಕೆಳಗೆ ಹೋಗುವ ಗುಂಡಿ ಒತ್ತಿದಳು. ಓಡುತ್ತಿರುವ ಲಿಫ್ಟಿನ ಬೋರ್ಡು 'ಬಾಗಿಲು ತೆರೆದಿದೆ' ಎಂದಿತು. ಬೆವರುತ್ತ, ನಡುವೆ ನಿಲ್ಲಿಸಿ ನೋಡಿದಳು. ಬೋರ್ಡು ಅತ್ಯಂತ ಉತ್ಸಾಹದಿಂದ 'ಏರುತ್ತಿದೆ' ಎಂದಿತು.

"ಅಮ್ಮಾ ತಾಯಿ," ಎಂದ ಹೆಡ್ಮಾಷ್ಟ್ರು, "ಸಿಕ್ಕಿಹಾಕ್ಕೊಂಡೋರಿಗೆ ನೀವು ಏರ್ತಾ ಇದ್ದೀರಿ ಅಂತ ಹೇಳೋದು ಒಂಥರಾ ವೇದಾಂತ. ಆದ್ರೆ ನಾವು ಮಾರೋದು ಲಿಫ್ಟು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗದೆ ಇದ್ದರೆ ಇನ್ನೂ ಕಷ್ಟ. ಪಕ್ಕದ ಮೇಜಿನವನು, ಒಳ್ಳೆಯವನು, ಅವಳಿಗೆ ನಾಚಿಕೆಯಾಗಬಾರದೆಂದೇ ಗಟ್ಟಿಯಾಗಿ, "ಬೋರ್ಡಿಗೆ ಹೆಸರು ಗೊತ್ತಿಲ್ವಲ್ಲ ಸಾರ್, ಅದಕ್ಕೆ ಜಾಗದ ನಂಬರು ಮಾತ್ರ ಗೊತ್ತು, ಯಾರಿಗಾದ್ರೂ ಆಗೋ ತಪ್ಪು" ಎಂದ. ಆ ಸಮಾಧಾನ ಬೈಗುಳಕ್ಕಿಂತ ಚುರುಕಾಗಿ ಉರಿಯಿತು. ಯಾರಿಗಾದರೂ ಆಗುವುದಲ್ಲ. ಕಲಿಯುವವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಎಚ್ಚರಿಕೆ ಅದು, ಅವಳೇ ಇಬ್ಬರಿಗೆ ಹೇಳಿಕೊಟ್ಟಿದ್ದಳು. ಬೆಂಚಿನ ಮೇಲೆ ಸಾಲಾಗಿ ಕೂತವರ ನಡುವೆ ಒಬ್ಬರು ತೂರಿಕೊಂಡರೆ ಉಳಿದವರೆಲ್ಲ ಒಂದೊಂದು ಜಾಗ ಸರಿಯಬೇಕು. ಹೊರಗಿನಿಂದ ಎರಡನೆಯವರು, ಮೂರನೆಯವರು ಎಂದು ಎಣಿಸಿ ಕರೆಯುವವನಿಗೆ ಬೇರೆ ಯಾರೋ ಎದ್ದು ಬರುತ್ತಾರೆ. ಹತ್ತಿರದವರನ್ನು ಹತ್ತಿರ ಕೂರಿಸುವ ಚಪಲ. ಅವಳು ಮೇಜಿಗೆ ಮರಳಿ ತಲೆ ತಗ್ಗಿಸಿ ಕೂತಳು. ಹೆಡ್ಮಾಷ್ಟ್ರು ಹಿಂದೆಯೇ ಬಂದು, ಈ ಸಲ ನಗದೆ, "ಇವತ್ತು ಸಾಯಂಕಾಲಕ್ಕೆ ಮೆಕ್ಯಾನಿಕ್ ನಿಮ್ಮ ಕಟ್ಟಡಕ್ಕೇ ಹೋಗ್ತಿದ್ದಾನೆ. ಅಷ್ಟರಲ್ಲಿ ಆದ್ರೆ ಹಾಕ್ಲಿ. ಆಗ್ದಿದ್ರೆ ಮುಂದಿನ ಸಲ" ಎಂದ.

ಮುಂದಿನ ಸಲ. ಆ ಮಾತು ಅವಳ ಒಳಗೆ ಹಿತವಾಗಿ ಇಳಿಯಿತು, ಇಳಿದದ್ದು ಗೊತ್ತಾಗಿ ಅವಳಿಗೆ ಮೈ ಜುಮ್ಮೆಂದಿತು. ನಾಳೆ ಮಾಡ್ತೀನಿ ಅಜ್ಜಿ ಎಂದು ಎಷ್ಟು ಸಂಜೆ ಹೇಳಿಲ್ಲ? ಒಂದು ಹೆಸರು ಸೇರಿಸುವುದು ದೊಡ್ಡ ಕೆಲಸವಲ್ಲ. ಬೇರೆ ಕೆಲಸವಿತ್ತು ನಿಜ, ಹೆಡ್ಮಾಷ್ಟ್ರು ಬೇರೆಯದನ್ನು ಕೊಟ್ಟದ್ದೂ ನಿಜ, ಆದರೆ ಅದಷ್ಟೇ ಅಲ್ಲವೆಂದು ಬಸ್ ಸ್ಟಾಪಿನಲ್ಲಿ ಇಳಿದು ಕತ್ತು ಮೇಲೆತ್ತಿದಾಗಲೆಲ್ಲ ಗೊತ್ತಾಗುತ್ತಿತ್ತು. ಆರನೆಯ ಮಹಡಿಯ ಕಿಟಕಿಯಲ್ಲಿ ಒಂದು ಬಿಳಿ ತಲೆ. ಇವಳನ್ನು ಕಂಡೊಡನೆ ಮೇಲೇಳುವ ಒಂದು ಕೈ. ಮೊದಲೆಲ್ಲ ಅಜ್ಜಿ ಅಂಗಳದಲ್ಲಿರುತ್ತಿದ್ದಳು, ಐದಾರು ಜನರ ನಡುವೆ, ಎಲ್ಲರ ಅಜ್ಜಿಯಾಗಿ. ಇವಳು ಬಂದರೆ "ಹೂಂ, ಬಂದ್ಯಾ, ಮೇಲೆ ಹೋಗಿರು" ಎಂದು ಕಥೆ ಮುಂದುವರಿಸುತ್ತಿದ್ದಳು. ಇವಳು ಖಾಲಿ ಮನೆಯ ಬೀಗ ತೆಗೆದು ಒಳಗೆ ಹೋಗುತ್ತಿದ್ದಳು. ಚಿಕ್ಕವಳಿದ್ದಾಗ ಅಮ್ಮನಿಗಾಗಿ ಗೇಟಿನ ಸರಳು ಹಿಡಿದು ನಿಂತರೆ ಕಬ್ಬಿಣದ ವಾಸನೆ ಅಂಗೈಗೆ ಅಂಟುತ್ತಿತ್ತು, ಯಾವಾಗಲೂ ಕಾಯುವ ಕಡೆಯೇ ಇದ್ದವಳು ಅವಳು. ಯಾರೋ ತನ್ನ ದಾರಿ ನೋಡುತ್ತಿದ್ದಾರೆ, ತಾನು ಬರುವುದೇ ಒಬ್ಬರ ದಿನದ ಸುದ್ದಿ ಎಂಬ ಸುಖ ಇಷ್ಟು ತಡವಾಗಿ, ಇಷ್ಟು ಕೆಟ್ಟ ದಾರಿಯಲ್ಲಿ ಬಂದಿತ್ತು. ಬಂದದ್ದನ್ನು ಬಿಡಲು ಮನಸ್ಸಿರಲಿಲ್ಲ. ಮೇಲೆ ಹೋದರೆ ಅಜ್ಜಿ ಇರುತ್ತಿದ್ದಳು, ಆದರೆ ಕಥೆಯಿಲ್ಲದ ಅಜ್ಜಿ. ಕೈಗೆ ಸಿಕ್ಕ ಹಕ್ಕಿ ಹಾಡುವುದಿಲ್ಲ ಎಂದು ಅಜ್ಜಿಯದೇ ಯಾವುದೋ ಕಥೆಯಲ್ಲಿ ಬರುತ್ತಿತ್ತು. ಅಷ್ಟು ಸಲೀಸಾಗಿ ನೆನಪಾದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಪಶ್ಚಾತ್ತಾಪವನ್ನೂ ಚಂದ ಮಾಡಿಕೊಳ್ಳುತ್ತೀಯಲ್ಲೇ, ಎಂದುಕೊಂಡಳು.

ಅಜ್ಜಿ ಸಿಕ್ಕಿಬಿದ್ದ ದಿನ ಕರೆಂಟು ಹೋಗಿ ಬಂದಿತ್ತು, ಅಷ್ಟೇ. ಲಿಫ್ಟು ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ ನಿಂತಿತು. ವೇಗವಿಲ್ಲ, ಬಾಗಿಲು ಮುಚ್ಚಿದೆ, ದುರಸ್ತಿಯವನು ಬಂದಿಲ್ಲ. ಐದರಲ್ಲಿ ಉಳಿದದ್ದು ಒಂದೇ, ನಿಂತಿದೆ. ಯಾರಿಗೂ ಬೇಡದೆ ನಿಂತ ಲಿಫ್ಟು ಸ್ವಲ್ಪ ಹೊತ್ತಿನಲ್ಲಿ ದೀಪ ಆರಿಸಬೇಕು, ಫ್ಯಾನು ನಿಲ್ಲಿಸಬೇಕು, ಕರೆಂಟು ಉಳಿಸಬೇಕು. ಪ್ರೋಗ್ರಾಮಿನಲ್ಲಿ ಬರೆದಿಟ್ಟ ಹಾಗೆಯೇ ಅದು ಮಾಡಿತು. ಅಜ್ಜಿ ಗಂಟೆ ಒತ್ತಿದಳು. ಕಾವಲುಗಾರ ಬಂದು ಕೆಳಗಿನ ಬೋರ್ಡು ನೋಡಿದ. "ನಿಂತಿದೆ ಅಂತಿತ್ತು ತಾಯಿ, ಮಕ್ಕಳ ಚೇಷ್ಟೆ ಅಂದ್ಕೊಂಡು ಹೋಗ್ಬಿಟ್ಟೆ" ಎಂದು ಅವನು ಆಮೇಲೆ ಅತ್ತೆಯ ಮುಂದೆ ಕೈಮುಗಿದು ನಿಂತಿದ್ದ. ಬಹಳ ಹೊತ್ತಿನ ಮೇಲೆ ಹೊರಬಂದ ಅಜ್ಜಿ ಅಳಲಿಲ್ಲ, ಬೈಯಲಿಲ್ಲ, ನೀರು ಕುಡಿದಳು. ಮಲಗುವ ಮುಂಚೆ ಇವಳನ್ನು ಪಕ್ಕಕ್ಕೆ ಕರೆದು ಹೇಳಿದಳು. "ಕತ್ತಲಿಗೆ ಹೆದರ್ಲಿಲ್ಲ ಕಣೇ. ಕತ್ತಲು ನನಗೇನು ಹೊಸದಾ? ಹೊರಗಿರೋರಿಗೆಲ್ಲ ಏನೂ ಆಗಿಲ್ಲ ಅಂತ ತೋರಿಸ್ತಿತ್ತಲ್ಲ ಆ ಬೋರ್ಡು, ಅದಕ್ಕೆ ಹೆದರ್ದೆ. ನಾನು ಒಳಗಿದ್ದೀನಿ ಅಂತ ನಿನ್ನ ಲಿಫ್ಟಿಗೇ ಗೊತ್ತಿಲ್ವಲ್ಲೇ." ನಿನ್ನ ಲಿಫ್ಟು ಎಂದಳು. ಅದಕ್ಕೆ ಒಂದು ಹೆಸರು ಕೊಡ್ತೀನಿ ಅಜ್ಜಿ, ಆಣೆ, ಎಂದು ಇವಳು ಆ ಒಣ ಅಂಗೈ ಮೇಲೆ ಕೈಯಿಟ್ಟಿದ್ದಳು.

ಈಗ ಮೇಜಿನ ಮುಂದೆ ಕೂತು ಅವಳು ಪ್ರತಿ ಹೆಸರಿಗೂ ಅದರದೇ ಆದ ಒಂದು ನಂಬರನ್ನು ಬರೆದಳು. ಹಳೆಯವಕ್ಕೆ ಹಳೆಯದೇ, ಆರನೆಯದಕ್ಕೆ ಈವರೆಗೆ ಯಾರದ್ದೂ ಅಲ್ಲದ ಒಂದು. ಇನ್ನು ಯಾರು ಎಲ್ಲಿ ತೂರಿಕೊಂಡರೂ ಯಾರೂ ಜಾಗ ಬಿಡಬೇಕಿಲ್ಲ. ಬೋರ್ಡಿಗೂ ಹೊಸ ನಂಬರಿನ ಮಾತನ್ನು ಕಲಿಸಿದಳು. ಮುಗಿಯಿತು ಎಂದು ಎದ್ದವಳು ಮತ್ತೆ ಕೂತಳು. ಕೋಡಿನಲ್ಲಿ ಸ್ಥಿತಿಯನ್ನು ಕೇಳಿ ಕೆಲಸ ಮಾಡುವ ಕಡೆಯೆಲ್ಲ, ಏರುತ್ತಿದ್ದರೆ ಹೀಗೆ, ಇಳಿಯುತ್ತಿದ್ದರೆ ಹಾಗೆ ಎಂದು ಬರೆದು, ಕೊನೆಯಲ್ಲಿ ಅವಳೇ ಒಂದು ಡಿಫಾಲ್ಟ್ ಹಾಕಿಟ್ಟಿದ್ದಳು: ಇವು ಯಾವುದೂ ಅಲ್ಲದಿದ್ದರೆ, ನಿಂತ ಲಿಫ್ಟಿಗೆ ಮಾಡುವುದನ್ನೇ ಮಾಡು. ಜಾಣತನವೆಂದು ಆಗ ಅನ್ನಿಸಿತ್ತು. ಮನೆಗೆ ಬಂದ ಅಪರಿಚಿತರನ್ನೆಲ್ಲ ಒಂದೇ ಕುರ್ಚಿಯಲ್ಲಿ ಕೂರಿಸಿ ಮರೆತುಬಿಡುವಂಥ ಜಾಣತನ. ಆರನೆಯವಳು ಬಂದರೂ ಆ ಕುರ್ಚಿಗೇ ಹೋಗುತ್ತಾಳೆ, ದೀಪ ಆರುತ್ತದೆ, ಕಂಪೈಲರ್ ಚಕಾರವೆತ್ತುವುದಿಲ್ಲ. ಹೆಸರು ಕೊಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ. ಅವಳು ಒಂದೊಂದಾಗಿ ಡಿಫಾಲ್ಟ್‌ಗಳನ್ನು ಅಳಿಸುತ್ತ ಹೋದಳು. ಅಳಿಸಿದ ಕಡೆಯೆಲ್ಲ ಕೆಂಪು ಗೆರೆ ಎದ್ದಿತು. ಇಲ್ಲಿ 'ನಡುವೆ ನಿಂತಿದೆ'ಯ ಬಗ್ಗೆ ನೀನು ಏನೂ ಹೇಳಿಲ್ಲ. ಇಲ್ಲೂ ಹೇಳಿಲ್ಲ. ಇಲ್ಲೂ. ಪರದೆ ತುಂಬ ಕೆಂಪು. ಪಕ್ಕದ ಮೇಜಿನವನು ಇಣುಕಿ, "ಅಯ್ಯೋ, ನೆಟ್ಟಗಿದ್ದ ಮನೆಗೆ ಬೆಂಕಿ ಹಚ್ಚಿದ್ಯಲ್ಲಮ್ಮಾ" ಎಂದ. ಅವಳಿಗೆ ಹಾಗೆ ಕಾಣಲಿಲ್ಲ. ಕಥೆ ಕೇಳುವ ಮಕ್ಕಳು ಸುತ್ತ ಕೂತು, ಆಮೇಲೆ? ಆಮೇಲೆ? ಎಂದು ಎಲ್ಲ ಕಡೆಯಿಂದಲೂ ಸೆರಗು ಜಗ್ಗುವ ಹಾಗಿತ್ತು.

ದೀಪ ಏನು ಮಾಡಲಿ? ಉರಿಯಲಿ, ಎಷ್ಟು ಹೊತ್ತಾದರೂ. ಫ್ಯಾನು? ತಿರುಗಲಿ. ಕೆಳಗಿನ ಗಂಟೆ? ಬಾರಿಸುತ್ತಲೇ ಇರಲಿ, ಯಾರಾದರೂ ಬಂದು ಓದುವವರೆಗೆ. ಫೋನು? ಹತ್ತಿರದಲ್ಲಿರುವ ಮೆಕ್ಯಾನಿಕ್‌ಗೆ ತಾನಾಗಿ ಹೋಗಲಿ, ಒಳಗಿದ್ದವರು ಗುಂಡಿ ಹುಡುಕಬೇಕಾಗಿಲ್ಲ. ಬಾಗಿಲು? ಇಲ್ಲಿ ಅವಳ ಕೈ ನಿಂತಿತು. ತೆರೆದುಬಿಡು ಎನ್ನಿಸುತ್ತದೆ, ಸಿಕ್ಕಿಬಿದ್ದವರನ್ನು ನೆನೆದರೆ ಯಾರಿಗಾದರೂ ಮೊದಲು ಅನ್ನಿಸುವುದು ಅದೇ. ಆದರೆ ಎರಡು ಮಹಡಿಗಳ ನಡುವೆ ಬಾಗಿಲು ತೆರೆದರೆ ಎದುರಿಗೆ ಗೋಡೆ, ಕಾಲಡಿಗೆ ಪಾತಾಳ. ತೆರೆಯಬಾರದು. ಮುಚ್ಚಿದ ಬಾಗಿಲನ್ನು ಮುಚ್ಚಿಯೇ ಇಟ್ಟು, ಒಳಗೆ ಬೆಳಕಿಟ್ಟು, ನೀನು ಇರುವುದು ಹೊರಗಿನವರಿಗೆ ಗೊತ್ತು ಎಂದು ಗೊತ್ತುಮಾಡುವುದು. ಅಷ್ಟೇ ಸಾಧ್ಯ. ಅಷ್ಟನ್ನು ಬರೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬರೆಯುತ್ತ ಬರೆಯುತ್ತ, ಗೇಟಿನ ಸರಳು ಹಿಡಿದು ನಿಂತ ಹುಡುಗಿಗೂ ಯಾರಾದರೂ ಒಳಗಿನಿಂದ ಇಷ್ಟು ಮಾಡಿದ್ದರೆ ಎಂಬ ಆಸೆ ಎದ್ದಿತು. ಕೊನೆಯ ಕೆಂಪು ಗೆರೆ ಹೋದಾಗ ಕಿಟಕಿಯಾಚೆ ಬಿಸಿಲು ಇನ್ನೂ ಇತ್ತು. ಗೋಡೆಯ ಲಿಫ್ಟು ಈ ಸಲ ಹೇಳಬೇಕಾದ್ದನ್ನೇ ಹೇಳಿತು. ಹೆಡ್ಮಾಷ್ಟ್ರು ಎರಡೆರಡು ಸಲ ಗುಂಡಿ ಒತ್ತಿ ನೋಡಿ, "ಹೋಗಿ, ಮೆಕ್ಯಾನಿಕ್ ಜೊತೆ ವ್ಯಾನಲ್ಲೇ ಹೋಗಿ" ಎಂದ.

ಮೆಕ್ಯಾನಿಕ್ ಮಾಳಿಗೆಯ ಮೋಟಾರು ಕೋಣೆಗೆ ಹೋಗಿ ಹೊಸದನ್ನು ಹಾಕಿದ. ಲಿಫ್ಟು ಮೇಲೆ ಕೆಳಗೆ ಓಡಾಡಿತು. ಅವಳು ಮನೆಯ ಬಾಗಿಲಲ್ಲಿ ನಿಂತು, "ಅಜ್ಜಿ, ಆಯ್ತು, ಬಾ" ಎಂದಳು. ಅಜ್ಜಿ ಕಿಟಕಿಯಿಂದ ತಿರುಗಿದಳು. ಅತ್ತೆ ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಏನಾಯ್ತು?" ಎಂದಳು ಅಜ್ಜಿ.

"ಸರಿಯಾಯ್ತು. ಓಡಿಸಿ ನೋಡಿದ್ವಿ."

"ಓಡೋ ಲಿಫ್ಟು ಯಾರಿಗೆ ಬೇಕೇ? ಅದು ಆವತ್ತೂ ಓಡ್ತಿತ್ತು. ನಿಂತಿದ್ದು ತೋರ್ಸು."

"ಅಮ್ಮ, ಬೇಕು ಅಂತ ಯಾರಾದ್ರೂ ಸಿಕ್ಕಿಹಾಕ್ಕೋತಾರಾ?" ಎಂದಳು ಅತ್ತೆ.

"ನೀನು ಸುಮ್ನಿರು. ನಿಲ್ಸೋಕೆ ಬರುತ್ತೇನಪ್ಪಾ?" ಎಂದು ಅಜ್ಜಿ, ಮೆಟ್ಟಿಲಿಳಿದು ಬಂದ ಮೆಕ್ಯಾನಿಕ್‌ನನ್ನು ಕೇಳಿದಳು.

"ಬರುತ್ತೆ ಅಜ್ಜಿ. ಎಲ್ಲಿ ಬೇಕೋ ಅಲ್ಲಿ."

"ಅದೇ ಜಾಗದಲ್ಲಿ ನಿಲ್ಸು."

ಇವಳು ಚಪ್ಪಲಿ ಮೆಟ್ಟಿಕೊಂಡಳು. ಅಜ್ಜಿ ತಲೆಯಾಡಿಸಿದಳು. "ನೀನು ಬರ್ಬೇಡ. ಆವತ್ತೂ ನಾನೊಬ್ಬಳೇ ಇದ್ದದ್ದು. ನೀನು ಕೆಳಗೆ ಹೋಗಿ ನಿಂತ್ಕೋ." ಆ ದನಿಗೆ ಎದುರು ಮಾತಿಲ್ಲ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿ ಗೋಡೆ ಹಿಡಿದು ಲಿಫ್ಟಿನೊಳಗೆ ಹೋಗಿ, ತಿರುಗಿ ನಿಂತು, ಮಗಳು ಮೊಮ್ಮಗಳು ಇಬ್ಬರನ್ನೂ ಊರಿಗೆ ಹೊರಟವರಂತೆ ನೋಡಿದಳು. ಬಾಗಿಲು ಮುಚ್ಚಿತು. ಮೆಕ್ಯಾನಿಕ್ ಮತ್ತೆ ಮಾಳಿಗೆಗೆ ಓಡಿದ. ಇವಳು ಮೆಟ್ಟಿಲುಗಳನ್ನು ಹಾರುತ್ತ ಇಳಿದಳು. ಯಾವುದೋ ತಿರುವಿನಲ್ಲಿ, ಗೋಡೆಯಾಚೆ ಲಿಫ್ಟಿನ ಗುಂಯ್‌ ಎಂಬ ಸದ್ದು ತನ್ನ ಜೊತೆಯಲ್ಲೇ ಇಳಿಯುತ್ತಿದ್ದದ್ದು ಥಟ್ಟನೆ ನಿಂತುಹೋಯಿತು.

ಕೆಳಗೆ ಗಂಟೆ ಬಾರಿಸುತ್ತಿತ್ತು. ಕಾವಲುಗಾರ ಆಗಲೇ ಓಡಿಬಂದು ಬೋರ್ಡಿನೆದುರು ನಿಂತು ಅಕ್ಷರ ಕೂಡಿಸಿ ಓದುತ್ತಿದ್ದ: ನಡುವೆ ನಿಂತಿದೆ, ಒಳಗೆ ಜನರಿದ್ದಾರೆ. "ತಾಯಿ, ಒಳಗೆ ಯಾರೋ ಇದ್ದಾರಂತೆ!" ಎಂದು ಅವನು ಇವಳನ್ನು ಕಂಡು ಗಾಬರಿಯಿಂದ ಕೂಗಿದ. ಅಜ್ಜಿ, ಎಂದಳು ಇವಳು. ಅವನು ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ, "ಅಜ್ಜೀ, ನಾವು ಇಲ್ಲೇ ಇದ್ದೀವೀ!" ಎಂದು ಇಡೀ ಕಟ್ಟಡ ಅದುರುವ ಹಾಗೆ ಅರಚಿದ. ಬಾವಿಯ ಆಳದಿಂದಲ್ಲ, ಎತ್ತರದಿಂದ, ಸಣ್ಣಗೆ ಉತ್ತರ ಬಂತು: "ಗೊತ್ತಾಯ್ತು ಬಿಡೋ, ಕಿವಿ ಹರೀಬೇಡ!"

ಮಾಳಿಗೆಯಿಂದ ಮೆಕ್ಯಾನಿಕ್‌ನ ಕರೆ ಇವಳ ಫೋನಿಗೆ ಬಂತು. ಒಳಗಿನಿಂದ ಬಂದ ಕರೆ ತನಗೆ ಸಿಕ್ಕಿತು, ಅಜ್ಜಿ ಜೊತೆ ಮಾತಾಡಿದೆ, ಬರ್ತಿದ್ದೀನಿ ಅಂದ್ರೆ ನಿಧಾನಕ್ಕೆ ಬಾ, ಅವಸರ ಇಲ್ಲ ಅಂತಾರೆ, ಏನು ಮಾಡ್ಲಿ ಮೇಡಂ? ಅವರು ಹೇಳಿದ ಹಾಗೆ ಮಾಡಿ, ಎಂದಳು. ಫೋನು ಕಿವಿಯಲ್ಲೇ ಇತ್ತು. ಅವಳು ಬೋರ್ಡನ್ನು ನೋಡುತ್ತ ನಿಂತಳು. ಅವಳೇ ಕೂರಿಸಿದ ಅಕ್ಷರಗಳು, ಒಂದೂ ಅಲುಗುತ್ತಿರಲಿಲ್ಲ. ಮೇಲೆ ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು, ಆದರೆ ಕಾಣುತ್ತಿರಲಿಲ್ಲ. ಅಜ್ಜಿ ಆ ಬೆಳಕಿನಲ್ಲಿ ಒಬ್ಬಳೇ ಏನು ಮಾಡುತ್ತಿರಬಹುದು, ಕಣ್ಣು ಮುಚ್ಚಿದ್ದಾಳೋ, ಗೋಡೆಯ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಾಳೋ, ಆವತ್ತಿನ ಕತ್ತಲನ್ನು ಈವತ್ತಿನ ಬೆಳಕಿಗೆ ಹಿಡಿದು ತೂಗುತ್ತಿದ್ದಾಳೋ. ಅದನ್ನು ಕೇಳುವ ಹಾಗಿಲ್ಲ. ಯಾವ ಎನಮ್‌ಗೂ ಅಷ್ಟು ಒಳಗೆ ಹೋಗಲು ಬರುವುದಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದವಳ ಬಗ್ಗೆ ಇಷ್ಟು ದೂರದಿಂದ, ನಾಲ್ಕು ಗೋಡೆಗಳಾಚೆಯಿಂದ ಇಷ್ಟೊಂದು ಆಸೆಯಾಗುವುದು ವಿಚಿತ್ರವೆನ್ನಿಸಿತು. ಕಾವಲುಗಾರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಬೋರ್ಡು ಬದಲಾಯಿತು. ಇಳಿಯುತ್ತಿದೆ. ಆಮೇಲೆ, ಬಾಗಿಲು ತೆರೆದಿದೆ.

ಅಜ್ಜಿ ಹೊರಗೆ ಬಂದಳು. ಇವಳು ಮುಂದಕ್ಕೆ ಚಾಚಿದ ಕೈಯನ್ನು ಒಂದು ಗಳಿಗೆ ಹಿಡಿದಳು, ಹೊಸ್ತಿಲು ದಾಟುವಷ್ಟು.

"ಇಲ್ಲೇ ನಿಂತಿದ್ಯಾ?"

"ಹೂಂ."

"ದೀಪ ಆರ್ಲಿಲ್ಲ," ಎಂದಳು ಅಜ್ಜಿ, ಯಾವುದೋ ಮಾಮೂಲಿ ಸಂಗತಿ ಹೇಳುವ ಹಾಗೆ, ಮತ್ತು ಕೈ ಬಿಟ್ಟಳು. ಚಪ್ಪಲಿ ಎಳೆದುಕೊಂಡು, ಕಂಬ ಹಿಡಿದು, ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಅಂಗಳದ ಬಿಸಿಲಿಗೆ ಇಳಿದಳು. ಹಿಂದೆ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಅಲ್ಲಿಂದ ಒಬ್ಬಳು, "ಅಯ್ಯೋ, ಇವ್ಳು ಬಂದ್ಲು ಕಣ್ರೇ!" ಎಂದು ಕೂಗಿದ್ದು ಕೇಳಿಸಿತು, ಬೆಂಚು ಕಿರುಗುಟ್ಟಿದ್ದು ಕೇಳಿಸಿತು.

"ಮೇಡಂ," ಎಂದ ಮೆಕ್ಯಾನಿಕ್ ಫೋನಿನಲ್ಲಿ, "ಆಯ್ತಾ?"

ಅವಳ ಅಂಗೈ ಇನ್ನೂ ಬೆಚ್ಚಗಿತ್ತು. "ಆಯ್ತು," ಎಂದಳು.